ಪುಡಿ ಪಂಡಿತನ ಮುಂದೆ ಕೂತ ನಾಯಿ

"ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ!" ಎಂದು ಆಣೆ ಹಾಕಿಯೇ ಪುಡಿ ಪಂಡಿತ ದಿನವೂ ಅಂಗಡಿ ತೆರೆಯುತ್ತಿದ್ದ. ನಾಲಿಗೆ ಗಟ್ಟಿಯಾಗಿಯೇ ಇತ್ತು. ದನಿ ಮಾತ್ರ ಈಚೆಗೆ ಒಡೆದಿತ್ತು. ಅಷ್ಟು ಕಿರುಚಿದರೆ ಯಾರ ಗಂಟಲು ತಾನೆ ಉಳಿದೀತು?

ಅಂಗಡಿ ಆಸ್ಪತ್ರೆಯ ಎದುರಿಗೇ ಇತ್ತು. ಹಿಂಬದಿಯ ಬಕೆಟ್ಟಿನಲ್ಲಿ ಸುಟ್ಟ ಎಲುಬು, ಒಲೆಯ ಬೂದಿ, ಕೊಳೆತ ಬೇರು. ಮೇಲೆ ತೇಲುವ ನೊಣಗಳನ್ನು ಬೆರಳಲ್ಲಿ ಎತ್ತಿ ಎಸೆದು, ಅದೇ ಬೆರಳಲ್ಲಿ ಕಲಸಿ, ಒಣಗಿಸಿ ಡಬ್ಬಿಗೆ ತುಂಬಿದರೆ ಕ್ಯಾನ್ಸರಿಗೆ ಮದ್ದು ತಯಾರು. ಡಬ್ಬಿ ಖಾಲಿ ಮಾಡಿದವರಿಗೆಲ್ಲ "ವಾಸಿ ಆಯ್ತು, ಹೋಗಿ" ಎನ್ನುತ್ತಿದ್ದ. ನಂಬಿದವರು ಕೈಮುಗಿದು ಹೋಗುತ್ತಿದ್ದರು. ಆಮೇಲೆ ಸತ್ತವರು ದೂರು ಹೇಳಲು ಬರುತ್ತಿರಲಿಲ್ಲ.

ಈ ಸುಖಕ್ಕೆ ಮಣ್ಣು ಹಾಕಿದ್ದು ಆಸ್ಪತ್ರೆಯವರು ಪಳಗಿಸಿದ ನಾಯಿ, ಬಿಳಿಮೂತಿ. ಸಾಲಾಗಿ ಕೂತವರ ಉಸಿರು ಮೂಸುತ್ತ ಹೋಗಿ, ಕ್ಯಾನ್ಸರ್ ಇದ್ದವರ ಮುಂದೆ ತೆಪ್ಪಗೆ ಕೂತುಬಿಡುತ್ತಿತ್ತು.

"ಏನ್ ಪಂಡಿತ್ರೇ, ವಾಸಿ ಆಯ್ತು ಅಂದ್ರಿ. ನಾಯಿ ನನ್ ಮುಂದೆ ಬಂದು ಕೂತಿದ್ದು ಏಳ್ಲೇ ಇಲ್ವಲ್ಲ!" ಎಂದು ಡಬ್ಬಿ ಖಾಲಿ ಮಾಡಿದ್ದ ಮುದಿ ಡ್ರೈವರ್ ಒಬ್ಬ ಗಿರಾಕಿಗಳ ಎದುರೇ ಮಾನ ಹರಾಜು ಹಾಕಿದ. ಸ್ಕ್ಯಾನಿನಲ್ಲೂ ಅದೇ ಬಂತು. ಡಾಕ್ಟರು ಅವನ ರಕ್ತದಿಂದಲೇ ಒಂದಿಷ್ಟು ಕಣ ತೆಗೆದು, ಒಳಗೆ ಅವಿತ ಕ್ಯಾನ್ಸರ್ ಕಳ್ಳನ ಗುರುತು ಹಿಡಿದು ಕೊಲ್ಲುವುದನ್ನು ಅವಕ್ಕೆ ಕಲಿಸಿ ಮೈಯೊಳಗೆ ವಾಪಸು ಬಿಟ್ಟರು. ಡ್ರೈವರ್ ಚೇತರಿಸಿಕೊಂಡ. ಪಂಡಿತನ ಅಂಗಡಿ ಬಡಕಲಾಯಿತು.

ನಾಯಿ ಸಾಯಬೇಕು ಎಂದು ಪಂಡಿತ ತೀರ್ಮಾನಿಸಿದ. ನೀಟಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ.

ಅದನ್ನು ನೋಡಿಕೊಳ್ಳುವ ಮೇಡಂ ಊಟಕ್ಕೆ ಹೋಗುವಾಗ ಆಸ್ಪತ್ರೆಯ ಹಿಂದಿನ ಬೇಲಿಯೊಳಗೆ ಬಿಡುತ್ತಾಳೆ. ಬೇಲಿಯಲ್ಲಿ ಕೈ ತೂರುವಷ್ಟು ಸಂದಿಯಿದೆ. ಅಪರಿಚಿತರ ಕೈಯಿಂದ ನಾಯಿ ಏನೂ ತಿನ್ನುವುದಿಲ್ಲ ಎಂದು ಕೇಳಿದ್ದ. ಆದ್ದರಿಂದ ಮೊದಲು ಬರೀ ಮಾಂಸ ಕೊಟ್ಟು ಸಲುಗೆ ಬೆಳೆಸುವುದು, ಆಮೇಲೆ ಇಲಿ ಪಾಷಾಣ. ಮಾಂಸ ಕೊಳ್ಳುವುದು ದೂರದ ಅಂಗಡಿಯಲ್ಲಿ, ಹಿಡಿಯುವುದು ಕೈಗವಸು ತೊಟ್ಟು.

ಸಲುಗೆ ಬೆಳೆಸುವ ಕಷ್ಟವೇ ಬೀಳಲಿಲ್ಲ. ಮೊದಲ ದಿನವೇ ನಾಯಿ ಅವನ ಬಾಯಿಯ ಹತ್ತಿರ ಮೂಸಿ, ಎದುರಿಗೆ ಕೂತು, ಬಾಲ ಅಲ್ಲಾಡಿಸುತ್ತ ಕಾಯತೊಡಗಿತು. ಜೊಲ್ಲು ಅವನ ತೋಳಿಗೆ ಅಂಟಿತು. ಥೂ! ಅವನು ಪಕ್ಕಕ್ಕೆ ಸರಿದರೆ ಅದೂ ಸರಿದು ಮತ್ತೆ ಎದುರಿಗೇ ಕೂರುತ್ತಿತ್ತು. ಗತ್ತಿಗೆ ಬಾಗದ ಪ್ರಾಣಿಯುಂಟೇ ಎಂದು ಬೀಗಿದ. ಒಂದು ಮಧ್ಯಾಹ್ನ ಪಾಷಾಣದ ತುಂಡನ್ನೂ ಅದು ಹಾಗೇ ಕೂತು, ನಂಬಿಕೆಯಿಂದ ನುಂಗಿತು.

ಸಂಜೆಗೆ ನಾಯಿ ಸತ್ತಿತು. ಹಾವು ಕಚ್ಚಿರಬೇಕು ಎಂದರು ಆಸ್ಪತ್ರೆಯವರು. ಪಂಡಿತನನ್ನು ಯಾರೂ ಕೇಳಲಿಲ್ಲ.

ಮಾರನೇ ದಿನ ಡ್ರೈವರ್ ಅಂಗಡಿ ಮುಂದೆ ನಿಂತು ಕಣ್ಣೊರೆಸಿಕೊಂಡ. "ಪಾಪದ್ದು. ಮೇಡಂ ಅಳ್ತಿದ್ರು. ಸರಿಯಾಗಿ ಗುರುತು ಹಿಡಿದು ಕೂತರೇನೇ ಅದಕ್ಕೆ ಬಹುಮಾನ, ಒಂದು ತುಂಡು ಮಾಂಸ. ಹಾಗೆ ಕೂತಾಗ ಬಿಟ್ರೆ ಬೇರೆಯವ್ರು ಏನ್ ಕೊಟ್ರೂ ಮುಟ್ತಾನೇ ಇರ್ಲಿಲ್ವಂತೆ."

"ಗುರುತಂತೆ, ಮಣ್ಣಂತೆ!" ಪಂಡಿತ ಕೆಮ್ಮಿ, ಕೆಂಪಗೆ ಉಗಿದು, ಚಪ್ಪಲಿಯಿಂದ ಒರೆಸಿದ. "ಶುದ್ಧ ದಡ್ಡ ನಾಯಿ ಕಣಯ್ಯಾ ಅದು. ಕಲ್ಲುಗುಂಡಿನಂಗಿದೀನಿ ನಾನು, ನನ್ ಮುಂದೇನೇ ದಿನಾ ಬಂದು ಕೂತ್ಕೊಂಡು, ಮಾಂಸ ಕೊಡೋವರೆಗೂ... ಯಾಕಯ್ಯಾ ಹಂಗೆ ನೋಡ್ತೀಯಾ? ಲೇ, ಆಸ್ಪತ್ರೆ ಕಡೆ ಯಾಕೋ ಓಡ್ತೀಯಾ? ಪೂರ್ತಿ ಕೇಳೋ, ನಾನು ಸರಿದ್ರೆ ಅದೂ ಸರಿದು ಮತ್ತೆ ನನ್ ಮುಂದೇನೇ..."