ತಳದ ಹೊಲಿಗೆ

ಡೊನಾಲ್ಡ್‌ಗೆ ನೆಟ್ಟಗೆ ಒಂದು ಗುಂಡಿ ಹೊಲಿಯಲು ಬರುತ್ತಿರಲಿಲ್ಲ. ಆದರೂ ಸ್ಟ್ರಾಟ್‌ಫರ್ಡಿನ ಆ ಚರ್ಮದ ಅಂಗಡಿಯ ಬೋರ್ಡಿನ ಮೇಲಿದ್ದದ್ದು ಅವನ ಹೆಸರು, ಗೋಡೆಯ ಮೇಲೆ ಹಲ್ಲು ಕಿರಿಯುತ್ತಿದ್ದದ್ದು ಅವನ ಫೋಟೋ. ಗಿರಾಕಿಗಳು ಬ್ಯಾಗನ್ನು ತಿರುವಿ ಮುರುವಿ ನೋಡಿ, "ನಿಮ್ಮ ಕೈ ಚಿನ್ನದ್ದು, ಡೊನಾಲ್ಡ್" ಎಂದು ಹೊಗಳುತ್ತಿದ್ದದ್ದೂ ಅವನನ್ನೇ. ಅದೇ ಹೊತ್ತಿಗೆ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವಿಲ್ ಎರಡು ಸೂಜಿ ಹಿಡಿದು ಮುಂದಿನ ಬ್ಯಾಗು ಹೊಲಿಯುತ್ತಾ ಇರುತ್ತಿದ್ದ.

ಅವಿಲ್ ಉಡುಪಿ ಕಡೆಯ ಶಿರ್ವದವನು, ಚೆನ್ನೈಯಲ್ಲಿ ಕೆಲಸ ಕಲಿತವನು. ದೂರದ ಸಂಬಂಧಿ ಡೊನಾಲ್ಡ್ ಅವನನ್ನು ಲಂಡನ್ನಿಗೆ ಕರೆಸಿಕೊಂಡಿದ್ದ. ವೀಸಾ ಅಂಗಡಿಗೆ ಗಂಟು ಬಿದ್ದದ್ದು. ಅಂಗಡಿ ಬಿಟ್ಟರೆ ದೇಶ ಬಿಡಬೇಕು. ಮಲಗುವುದು ಇಲ್ಫರ್ಡಿನಲ್ಲಿ ಡೊನಾಲ್ಡ್‌ನ ಮನೆಯ ಪೆಟ್ಟಿಗೆಯಂಥ ಕೋಣೆಯಲ್ಲಿ, ಉಣ್ಣುವುದು ಅವನ ಹೆಂಡತಿ ಡೊರೊತಿ ಬಡಿಸಿದಷ್ಟು. ಬೆಳಿಗ್ಗೆ ಟ್ರೇನಿನಲ್ಲಿ ಪಕ್ಕದ ಸೀಟು ಡೊನಾಲ್ಡ್, ಸಂಜೆಯೂ ಡೊನಾಲ್ಡ್, ಭಾನುವಾರ ಇಗರ್ಜಿಯ ಬೆಂಚಿನಲ್ಲೂ ಅವನ ಮಗ್ಗುಲೇ. ಒಮ್ಮೆ ಬೇರೆ ಕೆಲಸದ ಮಾತೆತ್ತಿದ್ದಕ್ಕೆ ಡೊನಾಲ್ಡ್ ಬೆನ್ನು ತಟ್ಟಿ ನಕ್ಕಿದ್ದ.

"ಎಲ್ಲಿಗೆ ಹೋಗ್ತಿ ಮಾರಾಯ? ಹೋದ್ರೆ ಸೀದಾ ಶಿರ್ವಕ್ಕೇ."

ಆ ನಗು ಅವಿಲ್‌ಗೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿತ್ತು. ಹೋಗಲೇನೋ ಅವನು ತಯಾರಿದ್ದ, ಬರಿಗೈಯಲ್ಲಿ ಹೋಗಲು ತಯಾರಿರಲಿಲ್ಲ. ಮಂಗಳೂರಿನಲ್ಲಿ ಒಂದು ಅಂಗಡಿ, ಬೋರ್ಡಿನ ಮೇಲೆ ತನ್ನ ಹೆಸರು. ಬದುಕಿನಲ್ಲಿ ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಆಗ ಬಂದಳು ಮಾಳವಿಕಾ. ಹ್ಯಾರೋದ ಡಾಕ್ಟರ್ ಚಂದ್ರಶೇಖರ್ ಅವರ ಹೆಂಡತಿ, ಮೈಸೂರಿನವಳು. ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಹಳೆಯ ಚರ್ಮದ ಕೈಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟಳು.

"ನಮ್ಮತ್ತೇದು. ಹ್ಯಾಂಡಲ್ ಕಿತ್ತೋಗಿದೆ, ಅಷ್ಟು ಮಾಡ್ಕೊಡಿ ಸಾಕು. ತಳ ಮಾತ್ರ ಮುಟ್ಟಲೇಬಾರ್ದಂತೆ. ಕಣ್ಣಿಗೆ ಪೊರೆ ಬಂದು ಏನೂ ಕಾಣಲ್ಲ, ಆದ್ರೂ ಅವ್ರಿಗೆ ಅದೊಂಥರಾ ಸೆಂಟಿಮೆಂಟ್."

"ಯಾರು ಹೊಲಿದದ್ದು ಇದು?" ಡೊನಾಲ್ಡ್ ಹೊರಗೆ ಹೋಗಿದ್ದರಿಂದ ಮುಂದೆ ಬಂದು ಕೂತಿದ್ದ ಅವಿಲ್ ಕೇಳಿದ.

"ಅಯ್ಯೋ, ಯಾವ ಕಾಲದ್ದೋ! ಊರಲ್ಲಿ ಯಾರೋ ಮಾಡಿಕೊಟ್ಟಿರ್ಬೇಕು" ಎಂದವಳು ಗಡಿಬಿಡಿಯಲ್ಲಿ ಕಾರಿನ ಕೀಲಿ ಎತ್ತಿಕೊಂಡಳು.

ತಳ ಮುಟ್ಟಬೇಡ ಎಂದರೆ ಯಾವ ಕೈ ತಾನೇ ಸುಮ್ಮನಿದ್ದೀತು? ಅವಿಲ್ ಹೆಬ್ಬೆರಳಿನಿಂದ ಒತ್ತಿ ನೋಡಿದ. ತಳಕ್ಕೆ ಎರಡು ಪದರ ಚರ್ಮ. ನಡುವೆ ದುಂಡನೆಯ, ತೆಳ್ಳನೆಯ, ಗಟ್ಟಿಯಾದ ಬಿಲ್ಲೆಗಳು ಸಾಲಾಗಿ ಕೂತಿದ್ದವು. ಚೀಲದ ಗಾತ್ರಕ್ಕೂ ತೂಕಕ್ಕೂ ತಾಳೆಯೇ ಇರಲಿಲ್ಲ. ಹಿಂದೊಮ್ಮೆ ಧಾರವಾಡದ ಕಡೆ ಹೆಂಗಸರ ಕೊರಳಲ್ಲಿ ಪುತಳಿ ನಾಣ್ಯಗಳ ಸರ ನೋಡಿದವನಿಗೆ ಅದು ಬಂಗಾರದ ಪುತಳಿ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮುಂದಿನದನ್ನು ಅವನು ಅವಸರಪಡದೆ ಯೋಚಿಸಿದ. ಚೀಲ ಕದ್ದರೆ ಸಿಕ್ಕಿಬೀಳುತ್ತಾನೆ. ಚೀಲ ವಾಪಸು ಕೊಟ್ಟರೆ? ತಳ ಬಿಚ್ಚಿ, ಪುತಳಿಗಳ ಜಾಗದಲ್ಲಿ ಬಂಗಾರದ ಬಣ್ಣ ಹಚ್ಚಿದ ಸೀಸದ ಬಿಲ್ಲೆಗಳನ್ನಿಟ್ಟು, ಹಳೆಯ ತೂತುಗಳಲ್ಲೇ ಮತ್ತೆ ಹೊಲಿದುಬಿಟ್ಟರೆ? ಮುದುಕಿ ಇರುವತನಕ ಅದನ್ನು ಬಿಚ್ಚುವುದಿಲ್ಲ. ಅವಳು ಹೋದ ಮೇಲೆ ಯಾರಾದರೂ ಬಿಚ್ಚಿದರೆ ಸೀಸ ಸಿಗುತ್ತದೆ. ಪಾಪ ಅಜ್ಜಿಗೆ ಊರಿನ ಯಾವನೋ ಅಕ್ಕಸಾಲಿ ಅಂದೇ ಟೋಪಿ ಹಾಕಿದ್ದ ಎಂದುಕೊಳ್ಳುತ್ತಾರೆ. ಸತ್ತುಹೋದ ಅಕ್ಕಸಾಲಿಯ ತಲೆಗೆ ಕಟ್ಟಿದ ಕಳ್ಳತನಕ್ಕೆ ಪೊಲೀಸರೇನು ಮಾಡಿಯಾರು? ಅವಿಲ್‌ಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಉಕ್ಕಿತು.

ಮನೆಯವರ ಬಗ್ಗೆ ಅವನಿಗೆ ಚಿಂತೆಯೇ ಇರಲಿಲ್ಲ. ಚರ್ಮವನ್ನು ಸತ್ತ ಇಲಿಯ ಹಾಗೆ ಹಿಡಿದ ಸೊಸೆ, ಆಸ್ಪತ್ರೆಯ ದೊಡ್ಡ ಡಾಕ್ಟರ್ ಮಗ, ಕಣ್ಣಿಗೆ ಪೊರೆ ಬಂದ ಮುದುಕಿ. ಇಂಥ ಮನೆತನದವರು ಚರ್ಮವನ್ನು ಕೊಂಡು ಬಳಸಿಯಾರೇ ಹೊರತು ಅದರ ಹೊಲಿಗೆಯನ್ನು ಬಲ್ಲವರಲ್ಲ ಎಂದು ಅವನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದ.

ಭಾನುವಾರ ಜ್ವರವೆಂದು ಹೇಳಿ ಇಗರ್ಜಿ ತಪ್ಪಿಸಿದ. ಡೊನಾಲ್ಡ್ ದಂಪತಿ ಅತ್ತ ಹೋದದ್ದೇ ಇತ್ತ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡ.

ಹತಾರಗಳನ್ನು ಆರಿಸುವುದರಲ್ಲೇ ಅರ್ಧ ಗೆಲುವು. ಡೊನಾಲ್ಡ್ ಕೊಂಡು ಪೇರಿಸಿಟ್ಟಿದ್ದ ತೂತು ಹೊಡೆಯುವ ಹೊಳೆಹೊಳೆಯುವ ಹೊಸ ಉಳಿಗಳನ್ನು ಅವನು ಮುಟ್ಟಲೇ ಇಲ್ಲ. ಅವುಗಳ ಹಲ್ಲು ಹಳೆಯ ತೂತನ್ನು ಹರಿದು ದೊಡ್ಡದು ಮಾಡುತ್ತದೆ. ತುದಿ ಸವೆದ ತೆಳು ದಬ್ಬಣವನ್ನು ಆರಿಸಿದ, ತೂತಿನ ಬಾಯಿ ತುಸುವೇ ತೆರೆಯಲು. ಸೂಜಿಗಳು ಮೊಂಡು ಮೊನೆಯವು, ಚರ್ಮವನ್ನು ಚುಚ್ಚದೆ ಇದ್ದ ದಾರಿಯಲ್ಲೇ ನುಸುಳುವಂಥವು. ನೈಲಾನ್ ದಾರ ಬೇಡ, ಹೊಳಪು ಗುಟ್ಟು ಬಿಟ್ಟುಕೊಡುತ್ತದೆ. ನಾರಿನ ದಾರವನ್ನು ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿ ಒಣಗಿಸಿದ್ದ. ಅದಕ್ಕೆ ಜೇನುಮೇಣ ತಿಕ್ಕಿ, ಮೇಣಕ್ಕೆ ಅಂಗಡಿಯ ನೆಲದ ಧೂಳು ಬೆರೆಸಿದ. ಹೊಲಿಗೆಯ ಫೋಟೋಗಳನ್ನು ತೆಗೆದಿಟ್ಟುಕೊಂಡು ಬ್ಲೇಡು ಹಚ್ಚಿದ.

ಒಳಗಿದ್ದದ್ದು ಪುತಳಿಗಳೇ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವು ಹಳದಿಯಾಗಿ ಮಿನುಗಿದಾಗ ಅವಿಲ್ "ಸಾಯ್ಬಾ ದೇವಾ" ಎಂದು ಶಿಲುಬೆಯ ಗುರುತು ಹಾಕಿಕೊಂಡ. ಕದಿಯುವಾಗ ದೇವರನ್ನು ಕರೆದೆನಲ್ಲ ಎಂದು ಆಮೇಲೆ ನಗುವೂ ಬಂತು.

ತೂಕ ಸರಿದೂಗುವಂತೆ ತುಸು ದಪ್ಪಗೆ ಮಾಡಿಟ್ಟಿದ್ದ ಸೀಸದ ಬಿಲ್ಲೆಗಳನ್ನು ಅದೇ ಗುಳಿಗಳಲ್ಲಿ ಕೂರಿಸಿ, ಚೀಲವನ್ನು ಮರದ ಇಕ್ಕಳದಲ್ಲಿ ಕಚ್ಚಿಸಿ, ಇಕ್ಕಳವನ್ನು ಮೊಣಕಾಲುಗಳ ನಡುವೆ ಹಿಡಿದು ಹೊಲಿಯಲು ಕೂತ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದು ಅತ್ತಲಿಂದ, ಇನ್ನೊಂದು ಇತ್ತಲಿಂದ, ಅದೇ ತೂತಿನಲ್ಲಿ. ಆಮೇಲೆ ಎರಡನ್ನೂ ಒಂದೇ ಬಿಗಿಯಲ್ಲಿ ಎಳೆಯಬೇಕು. ಕೈಗೆ ಲಯ ಸಿಕ್ಕ ಮೇಲೆ ಮನಸ್ಸು ಮಂಗಳೂರಿಗೆ ಹೋಯಿತು. ಬೋರ್ಡಿಗೆ ಯಾವ ಬಣ್ಣ ಚೆನ್ನ ಎಂದು ಯೋಚಿಸುತ್ತಾ ಅವನು ಹೊಲಿದ. ಮುಗಿಸಿ ನೋಡಿದರೆ ಮಾಡಿದವನಿಗೇ ನಂಬಿಕೆ ಬರದಷ್ಟು ಚೊಕ್ಕವಾಗಿತ್ತು.

ಪುತಳಿಗಳನ್ನು ಕೋಣೆಯಲ್ಲಿಡುವಂತಿರಲಿಲ್ಲ, ಡೊರೊತಿ ಹಾಸಿಗೆಯಡಿ ಕೂಡ ಗುಡಿಸುವವಳು. ಎರಡು ಪದರದ ಒಂದು ಬೆಲ್ಟ್ ಮಾಡಿ, ನಡುವೆ ಅವನ್ನಿಟ್ಟು ಹೊಲಿದು, ಸೊಂಟಕ್ಕೆ ಕಟ್ಟಿಕೊಂಡ. ತಂಗಿಯ ಮದುವೆಯೆಂದು ರಜೆ ಕೇಳಿ ಟಿಕೆಟ್ ತೆಗೆದಾಗಿತ್ತು. ಹೋದವನು ತಿರುಗಿ ಬರುವುದಿಲ್ಲವೆಂದು ಡೊನಾಲ್ಡ್‌ಗೆ ಗೊತ್ತಾಗುವ ಹೊತ್ತಿಗೆ ತಾನು ಅರಬ್ಬೀ ಸಮುದ್ರದ ಆಚೆ ದಡದಲ್ಲಿರುತ್ತೇನೆ ಎಂಬುದು ಲೆಕ್ಕ.

ಹೊರಡುವ ಹಿಂದಿನ ದಿನ ಡೊನಾಲ್ಡ್ ಚೀಲವನ್ನು ಅವನ ಕೈಗೇ ಕೊಟ್ಟ. "ಡಾಕ್ಟರ್ ಮನೆ. ಕೊರಿಯರ್ ಬೇಡ, ನೀನೇ ಕೊಟ್ಟು ಬಾ."

ಹ್ಯಾರೋದ ಆ ಮನೆಯಲ್ಲಿ ಅವನನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದರು. ಕೂತದ್ದೇ ಬೆಲ್ಟ್ ಹೊಟ್ಟೆಗೆ ಒತ್ತಿತು. ಮಾಳವಿಕಾ ಚಹಾ ತಂದಳು. ರಜೆಯಲ್ಲಿದ್ದ ಡಾಕ್ಟರ್ ಚಂದ್ರಶೇಖರ್ ಹ್ಯಾಂಡಲ್ ಎಳೆದು ನೋಡಿ "ಫಸ್ಟ್ ಕ್ಲಾಸ್" ಎಂದು ಅದನ್ನು ತಾಯಿಯ ತೊಡೆಯ ಮೇಲಿಟ್ಟರು. ಬಸಲಿಂಗವ್ವ ಸಣಕಲು ಜೀವ. ಪೊರೆ ಬಂದ ಕಣ್ಣುಗಳನ್ನು ಎತ್ತಲೋ ನೆಟ್ಟು ಚೀಲವನ್ನು ಬೋರಲು ಹಾಕಿಕೊಂಡಳು. ಹ್ಯಾಂಡಲ್ಲಿನ ಗೊಡವೆಗೇ ಹೋಗಲಿಲ್ಲ. ತೋರುಬೆರಳು ತಳದ ಅಂಚಿನುದ್ದಕ್ಕೂ ಮೆಲ್ಲಗೆ ಹರಿಯಿತು. ಒಂದು ಮೂಲೆಯ ಹತ್ತಿರ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು.

"ತಮ್ಮಾ, ಇದನ್ಯಾಕ ಬಿಚ್ಚಿದಿ?"

ಅವಿಲ್‌ಗೆ ಚಹಾ ನೆತ್ತಿಗೇರಿತು. "ಇಲ್ಲಮ್ಮ, ನಾನು ಹ್ಯಾಂಡಲ್ ಮಾತ್ರ ಮಾಡಿದ್ದು. ತಳಕ್ಕೆ ಕೈ ಹಚ್ಚಲಿಲ್ಲ."

"ಸುಳ್ಳ ಹೇಳಬ್ಯಾಡ. ಚಂದ್ರೂ, ಬಾಗಲಾ ಹಾಕು. ಮಾಳವಿಕಾ, ಒಂದು ಬ್ಲೇಡ್ ತಾರವಾ."

"ಅವ್ವಾ, ಏನಾತು?" ಎನ್ನುತ್ತಲೇ ಡಾಕ್ಟರ್ ಹೋಗಿ ಬಾಗಿಲಿನ ಚಿಲಕ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತರು. ಮಾಳವಿಕಾ ಅಡುಗೆಮನೆಗೆ ಓಡಿದಳು. ಅವಿಲ್‌ನ ಕೈ ತಾನಾಗಿ ಬೆಲ್ಟಿನ ಮೇಲೆ ಹೋಗಿ ಕೂತಿತು. ಎಲ್ಲಿ ತಪ್ಪಿದೆ? ತೂತು ಹಳೆಯವು. ದಾರ ಅದೇ ದಪ್ಪ. ಮೇಣ, ಬಣ್ಣ, ಬಿಗಿ, ಯಾವುದರಲ್ಲೂ ಊನವಿರಲಿಲ್ಲ. ಕಣ್ಣು ಕಾಣದ ಮುದುಕಿಗೆ ಏನು ಸಿಕ್ಕಿತು?

"ಧಾರವಾಡ ಮಾರ್ಕೆಟ್‌ನ್ಯಾಗ ನಮ್ಮದು ಚಪ್ಪಲಿ ಅಂಗಡಿ ಇತ್ತಪಾ" ಎಂದಳು ಬಸಲಿಂಗವ್ವ, ಬೆರಳನ್ನು ಆ ಮೂಲೆಯಿಂದ ತೆಗೆಯದೆ. "ಇವರಪ್ಪನ ಕೈ ಅಂದ್ರ ಊರಿಗೇ ಹೆಸರು. ಹೊಲಿಗಿ ನನಗ ಕಲಿಸಿದವರೂ ಅವರ. ಈ ಚೀಲಾ ನಾ ಹೊಲದದ್ದು. ಅವಾಗ ಅವರಿಗೆ ಲಕ್ವಾ ಹೊಡದಿತ್ತು. ಒಂದ ಹೊಲಿಗಿ ನಾನೂ ಹಾಕತೇನಿ ಅಂತ ಹಟಾ ಮಾಡಿ ಸೂಜಿ ಇಸಗೊಂಡ್ರು. ಕೈ ನಡಗಿ ದಾರ ಹಿಂದ ಮುಂದ ಆತು, ಹೊಲಿಗಿ ಸೊಟ್ಟ ಮಲಕೊಂತು. ಬಿಚ್ಚಿ ಹಾಕ್ತೇನಿ ಅಂದೆ, ಇರ್ಲಿ ಬಿಡ ಅಂದ್ರು. ಅದ ಅವರ ಕಡೀ ಹೊಲಿಗಿ. ದಿನಾ ಮಲಗೂ ಮುಂದ ಅದರ ಮ್ಯಾಲ ಬೆರಳಿಡತೇನಿ ನಾ. ಎಲ್ಲಿಟ್ಟಿ ಅದನ್ನ?" ಆಗ ಅವಿಲ್‌ಗೆ ನೆನಪಾಯಿತು. ಸಾಲಾಗಿ ಒಂದೇ ಓರೆಯಲ್ಲಿ ನಿಂತ ಹೊಲಿಗೆಗಳ ನಡುವೆ ಚಪ್ಪಟೆಯಾಗಿ ಬಿದ್ದುಕೊಂಡ ಒಂದೇ ಒಂದು ಹೊಲಿಗೆ. ಬ್ಲೇಡು ಹಚ್ಚುವಾಗ ಅದನ್ನು ಕಂಡು, ಯಾವ ದಡ್ಡನ ಕೆಲಸವಪ್ಪಾ ಎಂದು ಮೂಗು ಮುರಿದಿದ್ದ. ಮತ್ತೆ ಹೊಲಿಯುವಾಗ ಮನಸ್ಸು ಬೋರ್ಡಿನ ಬಣ್ಣ ಆರಿಸುತ್ತಿತ್ತು. ಕೈ ಮಾತ್ರ, ಯಾರನ್ನೂ ಕೇಳದೆ, ಆ ಹೊಲಿಗೆಯನ್ನೂ ಉಳಿದವುಗಳ ಹಾಗೆ ನೆಟ್ಟಗೆ ಮಾಡಿಬಿಟ್ಟಿತ್ತು.