ಕೆಂಪು ಗೆರೆ ಬರುವವರೆಗೆ

ಸಂಕ್ರಮಣ ಕಳೆದು ಹದಿನೈದು ದಿನವಾಗಿತ್ತು. ಹೊಲಗಳಲ್ಲಿ ಬಿಳಿಜೋಳದ ತೆನೆ ಹಾಲು ತುಂಬಿಕೊಳ್ಳುವ ಕಾಲ. ಬಿಸಿಲು ಏರುವ ಮುಂಚೆ ಗಂಜಿ ಹಚ್ಚಿ ಮುಗಿಸಬೇಕೆಂದು ಇಳಕಲ್ಲಿನ ಆ ಓಣಿಯುದ್ದಕ್ಕೂ ಮಂದಿ ಸೀರೆಯ ನೂಲು ಎಳೆದು ಕಟ್ಟಿದ್ದರು. ಹುನಗುಂದದ ಬಸ್ಸಿಳಿದು ಬಂದ ಶಂಕರಲಿಂಗ, ಹಸಿ ನೂಲಿಗೆ ಅಂಗಿ ತಾಗದಂತೆ ಗೋಡೆಗೆ ಮೈ ಹತ್ತಿಸಿಕೊಂಡು ನಡೆದು, ದಾನೇಶ್ವರಿಯ ಬಾಗಿಲಲ್ಲಿ ಬಂದು ನಿಂತ.

ಹುನಗುಂದದ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮದುವೆಯಾಗದೆ ಅವ್ವನ ಮನೆಯಲ್ಲೇ ಉಳಿದ ಅವಳು ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬರೆಯುವವಳು. ತೀರಿಹೋದ ಅವ್ವ ಗುರುಲಿಂಗವ್ವ ನೇಯ್ದಿದ್ದ ಹಳೆಯ ದಡಿಗಳನ್ನು ಸ್ಕ್ಯಾನ್ ಮಾಡಿ ಎಳೆಎಳೆಯಾಗಿ ಬಿಡಿಸಿಡುತ್ತಿದ್ದಳು. ಫೈಲು ದೊಡ್ಡವು, ಕಂಪ್ಯೂಟರ್ ತಡವರಿಸುತ್ತಿತ್ತು. ಇದ್ದ ಮೆಮೊರಿಯನ್ನೇ ತುಸು ಚುರುಕಾಗಿ ಓಡಿಸಲು ಬರುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿ ಅವನಿಗೆ ಫೋನ್ ಮಾಡಿದ್ದಳು. ಕಾಲೇಜು ಬಿಟ್ಟ ಹದಿನಾಲ್ಕು ವರ್ಷಕ್ಕೆ ಬಂದ ಮೊದಲ ಫೋನು.

ಹೋದ ವಾರ ಅವನು ಒಂದೊಂದಾಗಿ ಕಲಿಸಿದ್ದ. ಮೊದಲು ಫೈಲುಗಳ ಪ್ರತಿ ಬೇರೆ ಡಿಸ್ಕಿಗೆ. ಈಗಿರುವ ವೇಗದ ಅಂಕಿಗಳು ಹಾಳೆಯ ಮೇಲೆ. ಆಮೇಲೆ ತಯಾರಿಸಿದವರೇ ಆ ಮೆಮೊರಿಗೆ ಬರೆದಿಟ್ಟ ವೇಗ, ಮೂರು ಸಾವಿರದ ಇನ್ನೂರು. ಅಲ್ಲಿಗೆ ಏರಿಸಿ, ತಪ್ಪು ಕಂಡರೆ ಕೆಂಪು ಗೆರೆ ಮೂಡಿಸುವ ಮೆಮೊರಿ ಟೆಸ್ಟ್ ಹಚ್ಚಿ, ಇಬ್ಬರೂ ಇಡೀ ದಿನ ಪರದೆಯ ಮುಂದೆ ಕೂತಿದ್ದರು. ಒಂದೂ ತಪ್ಪು ಬಂದಿರಲಿಲ್ಲ.

“ಬರ್ರಿ ಮಾಸ್ತರ,” ಎಂದಳು ದಾನೇಶ್ವರಿ. ತುಟಿಯ ಅಂಚಿನಲ್ಲಿ ನಗು ಬಚ್ಚಿಟ್ಟುಕೊಂಡಿದ್ದಳು. “ನೀವು ಇಲ್ಲದಾಗ ನಾನ ಏರಿಸೇನಿ. ಮೂರು ಸಾವಿರದ ಆರುನೂರು!”

“ಒಮ್ಮೆಲೇ?”

“ಯಾಕ, ಎದಿ ಧಸ್ಸಂತೇನು? ಎರಡ ದಿನ ಆತು, ಚಲೋ ಓಡಾಕತ್ತೈತಿ.”

“ಫೈಲು?”

“ಏರಿಸೂ ಮುಂಚೆ ಬ್ಯಾರೆ ಡಿಸ್ಕಿಗೆ ಹಾಕೇನ್ರಿ. ವೋಲ್ಟೇಜ್ ಮುಟ್ಟಿಲ್ಲ. ನಿಮ್ಮ ಪಾಠ ಅಷ್ಟೂ ಮರ್ತಿಲ್ಲ.”

“ಟೆಸ್ಟ್ ಹಚ್ಚಿದ್ರೇನು?”

ಅವಳು ಓರೆಗಣ್ಣಿನಲ್ಲಿ ನೋಡಿದಳು. “ಅದನ್ನ ನೀವು ಬಂದ ಮ್ಯಾಲೆ ಹಚ್ಚೋಣ ಅಂತ ಬಿಟ್ಟೆ. ಇಡೀ ದಿನ ಒಬ್ಬಾಕಿ ಏನ್ ನೋಡ್ಲಿ?”

ಒಳಗೆ ಮಗ್ಗದ ಸದ್ದು ನಿಂತಿತು. ಗುರುಲಿಂಗವ್ವನ ಕಾಲದಿಂದ ಆ ಮನೆಯಲ್ಲೇ ಇದ್ದು ನೇಯುವ ಲಗಮವ್ವ ಅಲ್ಲಿಂದಲೇ ಕೇಳಿದಳು: “ಇಬ್ಬರು ನೋಡಿದ್ರ ಲಗೂನ ಮುಗೀತೈತೇನವಾ ಅದು?”

“ನೀ ನೇಯ್ ಸುಮ್ಮ!” ಎಂದ ದಾನೇಶ್ವರಿಯ ಕಿವಿ ಕೆಂಪಗಾಯಿತು.

ಅವನಿಗೆ ತೋರಿಸಲೆಂದು ಅವಳು ಒಂದು ದಡಿ ತೆರೆದಳು. ಎರಡು ಗೆರೆ ಎಳೆದಳು, ಸೇವ್ ಒತ್ತಿದಳು. ಬಣ್ಣ ತುಂಬಿದಳು, ಮತ್ತೆ ಸೇವ್. ಏನೂ ಮಾಡದೆ ಮತ್ತೊಮ್ಮೆ ಸೇವ್.

“ಅಷ್ಟ್ಯಾಕ ಒತ್ತತೀರಿ?”

“ಚಾಳಿ ಬಿದ್ದೈತಿ. ಕಾಲೇಜಿನ್ಯಾಗ ಒಮ್ಮೆ ಮೈಮರ್ತು ವರ್ಷ ಕಳಕೊಂಡಾಕಿ ನಾ. ನೆನಪಿಲ್ಲೇನು?”

ನೆನಪಿಲ್ಲದೆ ಏನು? ಹುನಗುಂದದ ಆ ಲ್ಯಾಬು, ಬಾಗಿಲಾಚೆ ಸಾಲಾಗಿ ಬಿಟ್ಟ ಚಪ್ಪಲಿಗಳು, ಕಿಟಕಿಯ ಹಸಿರು ಪರದೆಯಿಂದ ಸೋಸಿ ಬರುತ್ತಿದ್ದ ಬೆಳಕು. ಕಿಟಕಿ ಪಕ್ಕದ ಕಂಪ್ಯೂಟರ್ ಅವಳದು, ಬಾಜೂದ್ದು ಅವನದು. ಯಂತ್ರ ನಿಂತಾಗಲೆಲ್ಲ ಅವಳು ಗಲ್ಲಕ್ಕೆ ಕೈ ಹಚ್ಚಿ ಅವನ ಕಡೆ ತಿರುಗುತ್ತಿದ್ದಳು. ಆ ತಿರುಗುವಿಕೆಗಾಗಿಯೇ ಅವನು ಕ್ಲಾಸು ತಪ್ಪಿಸುತ್ತಿರಲಿಲ್ಲ. ಪ್ರಾಜೆಕ್ಟು ಒಪ್ಪಿಸುವ ಹಿಂದಿನ ದಿನ ಅವಳ ಫೈಲು ತೆರೆಯಲೇ ಇಲ್ಲ. ಕರೆಂಟು ಹೋಗಿತ್ತು, ಹುಡುಗಿ ಸೇವ್ ಮಾಡಿಲ್ಲ ಎಂದರು ಎಲ್ಲರೂ. ಅವಳೂ ಅದನ್ನೇ ನಂಬಿದಳು.

ಅವನು ಟೆಸ್ಟ್ ಹಚ್ಚಿದ.

ಲಗಮವ್ವ ತಂದಿಟ್ಟ ಚಹಾ ಅರ್ಧ ಇಳಿದಿರಲಿಲ್ಲ, ಪರದೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಸಾಲುಸಾಲು.

“ಇದೇನ್ರಿ? ಎರಡ ದಿನ ಚಲೋ ಇತ್ತಲ್ಲ?”

“ನಡ್ಯಾಕ ನಡೀತೈತಿ. ಒಳಗ ಅಲ್ಲೊಂದು ಇಲ್ಲೊಂದು ಅಂಕಿ ತಪ್ಪಿ ಬರೀತೈತಿ. ಫೈಲು ಕೆಡೂತನಕ ಗೊತ್ತ ಆಗಂಗಿಲ್ಲ.” ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂಬುದು ಅವನಿಗೆ ತಿಳಿದಿತ್ತು. ಹೇಳಿದರೆ ಈ ಬಾಗಿಲು ಇವತ್ತಿಗೇ ಮುಚ್ಚಬಹುದೆಂಬುದೂ ತಿಳಿದಿತ್ತು. “ದಾನೇಶ್ವರಿ, ಅವತ್ತ ನೀವು ಸೇವ್ ಮಾಡಿದ್ರಿ. ನಿಮ್ಮ ಕಂಪ್ಯೂಟರಿನ ವೇಗ ನಾ ಏರಿಸಿದ್ದೆ. ಹಿಂಗ, ಒಮ್ಮೆಲೇ, ಟೆಸ್ಟ್ ಹಚ್ಚದ.”

ಅವಳು ಕಪ್ಪು ಕೆಳಗಿಟ್ಟಳು. “ಯಾಕ?”

“ಭಾಳ ಸಾವಕಾಶ ಐತಿ ಅಂತ ನೀವ ಅಂದಿದ್ರಿ. ಖುಷಿ ಆಗ್ತೀರಿ ಅಂತ ಮಾಡಿದೆ.”

“ಆಮ್ಯಾಲೆ ಬಾಯಿ ಬಿದ್ದು ಹೋಗಿತ್ತೇನು?”

“ಹೇಳಿದ್ರ ಬಾಜೂಕ ಕುಂದ್ರೂದ ಬಿಡ್ತಿದ್ರಿ.”

“ಹೇಳದನೂ ಬಿಟ್ಟೆನಲ್ಲ! ನೀ ಪಾಸಾಗಿ ಹೋದಿ, ನಾ ಮನ್ಯಾಗ ಕುಂತೆ.” ‘ನೀವು’ ಎನ್ನುವ ಮರ್ಯಾದೆ ಒಂದೇ ಉಸಿರಿಗೆ ಹಾರಿಹೋಗಿತ್ತು. ಅವಳು ಎದ್ದು ಒಳಗೆ ಹೋದಳು.

ಮಗ್ಗ ಮತ್ತೆ ನಿಂತಿತು. ಪಿಸುಮಾತು. ಅವನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ತನಕ ನಡೆದ.

“ಎಲ್ಲಿಗೆ?” ಹಿಂದಿನಿಂದ ಅವಳ ದನಿ. ಮುಖ ತೊಳೆದು ಬಂದಿದ್ದಳು. ಕಣ್ಣು ಕೆಂಪಗಿದ್ದವು.

“ಬಸ್ಸಿಗೆ.”

“ಆ ವರ್ಷ ಅವ್ವನ ಬಾಜೂಕ ಕುಂತು ದಡಿ ತಗ್ಯೂದು ಕಲ್ತೆ. ಅದಕ್ಕ ಎಲ್ಲಾ ಒಳ್ಳೇದ ಆತು ಅಂತ ನಿನಗ ಹೇಳಂಗಿಲ್ಲ. ಅಷ್ಟು ಸಲೀಸ ಬಿಡಂಗಿಲ್ಲ. ಇಷ್ಟು ವರ್ಷ ನನ್ನ ಕೈ ನಾನ ನಂಬಿಲ್ಲಲ್ಲೋ. ಅದನ್ನ ಹ್ಯಾಂಗ ತಿರುಗಿ ಕೊಡ್ತಿ?”

“ಕೊಡಾಕ ಬರಂಗಿಲ್ಲ,” ಎಂದ ಅವನು. “ಗೊತ್ತೈತಿ. ಮದಿವಿ ಆಗಾಕ ನನಗೂ ಮನಸ ಆಗಲಿಲ್ಲ. ನಿಮ್ಮನ್ನ ಬಿಟ್ಟ ಯಾರೂ ಹಂಗ ತಿರುಗಿ ನೋಡಲಿಲ್ಲ.”

ಅವಳು ಕುರ್ಚಿಗೆ ಬಂದು ಕೂತು, ಅಂಕಿಗಳ ಹಾಳೆ ಮುಂದಿಟ್ಟುಕೊಂಡು, ತಾನೇ ವೇಗ ಇಳಿಸಿದಳು. ಮೂರು ಸಾವಿರದ ಇನ್ನೂರು. ಟೆಸ್ಟ್ ಮತ್ತೆ ಮೊದಲಿನಿಂದ ಶುರುವಾಯಿತು.

“ಆ ಬಾಕಿ ಹಂಗ ಇರ್ಲಿ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ತೀರ್ಸಾಕ ನಿನ್ನ ಕಡೆ ಆಗಂಗಿಲ್ಲ, ಬಿಡಾಕ ನನ್ನ ಕಡೆ ಆಗಂಗಿಲ್ಲ. ಬಾಕಿ ಇದ್ದಾಂವ ಕಣ್ಮುಂದ ಇರ್ಬೇಕು, ಅಷ್ಟ. ಕುಂದ್ರು.”

ಅವನು ಚೀಲ ಇಳಿಸಿದ. ಪಕ್ಕದ ಸ್ಟೂಲು ಎಳೆದುಕೊಂಡ.

“ರೊಟ್ಟಿ ಎಷ್ಟು ಬಡೀಲೇ ಯವ್ವಾ?” ಲಗಮವ್ವ ಒಳಗಿಂದ ಕೂಗಿದಳು. “ಇವತ್ತಿಗೆ ಅವ್ರಿಗೂ ಬಡೀಲೇನು?”

“ಬಡಿ,” ಎಂದಳು ದಾನೇಶ್ವರಿ. “ಇವತ್ತಿಗೊಂದ ಅಲ್ಲ.”