ಹಿತ್ತಲಲ್ಲಿ ಹೂತ ಓಲೆ

"ಕುಂಯ್...!"

ಮಷೀನು ಕೂಗಿತು. ಅದೂ ಅವಳು ಹತ್ತಿರ ಬಂದ ಮೇಲೇ ಕೂಗಬೇಕೆ!

ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಗಾಜಿನ ಲೋಟದಿಂದ ಅರ್ಧ ನೀರು ಹುಲ್ಲಿನ ಮೇಲೆ ಚೆಲ್ಲಿತು. ಹಿತ್ತಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಮೇಡಂ ಹುಬ್ಬೇರಿಸಿದರು.

"ಏನದು? ಅವಳ ಹತ್ರ ಯಾಕೆ ಕೂಗ್ತು?"

ಮೆಟಲ್ ಡಿಟೆಕ್ಟರ್ ಹಿಡಿದಿದ್ದ ಯುವಕ ತಲೆಯೆತ್ತಿ ಅವಳನ್ನು ನೋಡಿದ. "ನಿಮ್ಮ ಜೇಬಲ್ಲಿ ಏನಿದೆ?"

"ನನ್ನ ಜೇಬಲ್ಲಾ? ಏ... ಏನೂ ಇಲ್ಲ."

"ಇದೆ ರೀ. ನೋಡಿ."

'ದೇವರೇ, ಇವನೂ ನನ್ನನ್ನೇ ಅನುಮಾನಿಸ್ತಿದ್ದಾನಾ?' ಏಪ್ರನ್ನಿನ ಜೇಬಿಗೆ ಕೈ ಇಳಿಸಿದಳು. ಸಿಕ್ಕಿದ್ದು ಒಂದು ಪುಟ್ಟ ಕತ್ತರಿ!

ಅವನು ನಕ್ಕುಬಿಟ್ಟ. "ಅಷ್ಟೇನಾ! ಕತ್ತರಿಗೆಲ್ಲ ಇಷ್ಟು ಹೆದರ್ತಾರಾ?"

"ನಗಬೇಡಿ," ಎಂದಳು ಮೆಲ್ಲಗೆ. ಕಣ್ಣು ತುಂಬಿದ್ದವು. ಅವನ ನಗು ಅಲ್ಲೇ ನಿಂತಿತು.

ಅವಳು ಹೆದರಿದ್ದಕ್ಕೆ ಕಾರಣವಿತ್ತು. ಎಂಟು ತಿಂಗಳಿಂದ ಅವಳು ಈ ಮನೆಯ ಅಜ್ಜಿಯನ್ನು ನೋಡಿಕೊಳ್ಳುವ ನರ್ಸ್. ಅಜ್ಜಿಗೆ ಮರೆವು. ಬೆಳಗ್ಗೆ ಆಡಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಭಾನುವಾರ ತಲೆ ಬಾಚುವಾಗ ನೋಡಿದರೆ ಅಜ್ಜಿಯ ಎರಡೂ ಕಿವಿ ಬರಿದು! ಅಜ್ಜ ಹೋದ ಮೇಲೂ ಒಂದು ದಿನವೂ ಬಿಚ್ಚದಿದ್ದ ಚಿನ್ನದ ಓಲೆಗಳು ಮಾಯವಾಗಿದ್ದವು.

ಅಜ್ಜಿಯನ್ನು ಕೇಳಿದರೆ, "ಯಾವ ಓಲೆ?" ಎಂದು ತಿರುಗಿ ಅವಳನ್ನೇ ಕೇಳಿದರು.

ಅಜ್ಜಿಯ ಉಗುರಲ್ಲಿ ಮಣ್ಣಿತ್ತು. ಅಡುಗೆಮನೆಯ ಚಮಚವೊಂದು ಹಿತ್ತಲಲ್ಲಿ ಬಿದ್ದಿತ್ತು. ಅಜ್ಜಿಯೇ ಎಲ್ಲೋ ಹೂತಿರಬೇಕು ಎಂದು ಅವಳು ಅಜ್ಜಿಯ ಮಗಳಿಗೆ, ಅಂದರೆ ಈ ಮೇಡಂಗೆ, ಹೇಳಿದಳು.

ಮೇಡಂ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಉತ್ತರ ಕಣ್ಣಿಗೆ ಕಾಣದೆ ಯಾವುದನ್ನೂ ಒಪ್ಪುವ ಜಾಯಮಾನ ಅವರದಲ್ಲ. "ಮಷೀನಿನವನನ್ನ ಕರೆಸ್ತೀನಿ. ಶುಕ್ರವಾರ ಸಾಯಂಕಾಲ ಅಣ್ಣ ಬರ್ತಾನೆ. ಅಷ್ಟರಲ್ಲಿ ಸಿಗದಿದ್ರೆ ಪೊಲೀಸ್ ಕಂಪ್ಲೇಂಟ್. ಆಮೇಲೆ ನನ್ನನ್ನ ಬೈಕೋಬೇಡ."

ಕಳ್ಳಿ ಎಂಬ ಹೆಸರು ಒಮ್ಮೆ ಅಂಟಿತೆಂದರೆ ಮುಗಿಯಿತು. ಏಜೆನ್ಸಿ ಅವಳ ಹೆಸರು ಹೊಡೆದುಹಾಕುತ್ತದೆ. ಯಾವ ಮನೆಯವರು ತಾನೇ ಅವಳನ್ನು ಒಳಗೆ ಬಿಟ್ಟುಕೊಂಡಾರು? ಇವತ್ತು ಬುಧವಾರ. ಉಳಿದಿದ್ದು ಎರಡೇ ದಿನ!

*

ಅವನ ದಿನನಿತ್ಯದ ಕೆಲಸ ರಸ್ತೆಯಡಿ ಹೂತುಹೋದ ನೀರಿನ ಪೈಪು, ವಾಲ್ವುಗಳನ್ನು ಹುಡುಕಿಕೊಡುವುದು. ಹಿತ್ತಲಿಗೆ ಉದ್ದುದ್ದ ಹಗ್ಗ ಎಳೆದು ಸಾಲು ಮಾಡಿಕೊಂಡ. ಒಂದೊಂದು ಸಾಲಿನಲ್ಲೂ ಮಷೀನನ್ನು ಆ ಕಡೆ ಈ ಕಡೆ ಬೀಸುತ್ತ, ಇಂಚು ಇಂಚಾಗಿ ಮುಂದೆ ಸಾಗಿದ.

ಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದ ಅಜ್ಜಿಗೆ ಕನಿಕರ ಉಕ್ಕಿತು. "ಪಾಪ, ಯಾರಪ್ಪ ನಿಂಗೆ ಹುಲ್ಲು ಗುಡಿಸೋ ಕೆಲಸ ಕೊಟ್ಟಿದ್ದು? ಪೊರಕೆಯಲ್ಲಿ ಕಡ್ಡಿನೇ ಇಲ್ವಲ್ಲೋ!"

ಅವಳಿಗೆ ಮೂರು ದಿನದಲ್ಲಿ ಮೊದಲ ಸಲ ನಗು ಬಂತು. ಅವನು ಅದನ್ನು ನೋಡಿದ. ನೋಡಿ, ಹಗ್ಗ ಎಡವಿದ.

"ನೆಲ ನೋಡ್ಕೊಂಡು ಗುಡಿಸಪ್ಪಾ," ಎಂದರು ಅಜ್ಜಿ.

ಅಷ್ಟರಲ್ಲಿ ಮತ್ತೆ "ಕುಂಯ್" ಎಂದಿತು. ಅವಳು ಓಡಿಹೋಗಿ ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಅವನು ಮಣ್ಣು ಬಿಡಿಸಿ ಬೆಳ್ಳಗೆ ಹೊಳೆಯುವ ಚೂರೊಂದನ್ನು ಎತ್ತಿದ. ಮಾತ್ರೆ ಸ್ಟ್ರಿಪ್ಪಿನ ತುಂಡು. ಒಳಗೆ ಮಾತ್ರೆ ಹಾಗೇ ಇತ್ತು! ಒಂದು ಅಡಿ ಆಚೆಗೆ ಇನ್ನೊಂದು ಸಿಕ್ಕಿತು. ಅದರಾಚೆ ಮತ್ತೊಂದು.

ಆ ತುಂಡುಗಳನ್ನು ಕತ್ತರಿಸಿದ್ದು ಅವಳೇ! ವಾರಕ್ಕೊಮ್ಮೆ ಸ್ಟ್ರಿಪ್ಪನ್ನು ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಡಬ್ಬಿಯಲ್ಲಿ ಜೋಡಿಸಿಡುವುದು ಅವಳ ಅಭ್ಯಾಸ. ಬೇರೆ ಮಾತ್ರೆಗಳನ್ನು ಎದುರೇ ನಿಂತು ನುಂಗಿಸುತ್ತಿದ್ದಳು. ರಾತ್ರಿಯ ಮಾತ್ರೆಗೆ ಮಾತ್ರ ಅಜ್ಜಿ, "ನಾನೇನು ಮಗುವಾ? ನಾನೇ ನುಂಗ್ತೀನಿ, ನೀನು ಹೋಗಿ ಮಲಕ್ಕೋ," ಎನ್ನುತ್ತಿದ್ದರು. ಅವಳು ನಂಬಿದ್ದಳು.

'ಓಲೆ ಕದ್ದವಳು, ಮಾತ್ರೆಯನ್ನೂ ಕೊಡದವಳು... ಮೇಡಂ ನನ್ನನ್ನ ಸುಮ್ಮನೆ ಬಿಡ್ತಾರಾ?'

"ರೀ... ನಿಮ್ಮ ಕೈ ಮುಗೀತೀನಿ," ಎಂದಳು ಪಿಸುದನಿಯಲ್ಲಿ. "ಇದನ್ನ ಮೇಡಂಗೆ ತೋರಿಸಬೇಡಿ. ಅಜ್ಜಿ ನನ್ನ ಕಣ್ಣು ತಪ್ಪಿಸಿ ಹೂತಿದ್ದಾರೆ, ನಂಗೆ ಗೊತ್ತೇ ಇರ್ಲಿಲ್ಲ. ಈ ಚೂರುಗಳನ್ನ ಬಿಟ್ಟು ಬೇರೇದು ಹುಡುಕೋಕೆ ಆಗಲ್ವಾ?"

ಅವನು ಮಣ್ಣಾದ ಆ ಚೂರುಗಳನ್ನೂ, ಬಿಳಿಚಿದ ಅವಳ ಮುಖವನ್ನೂ ನೋಡಿದ. ಒಂದು ಕ್ಷಣ ಏನೋ ಹೇಳಹೊರಟವನು ಸುಮ್ಮನಾದ.

"ಆಗುತ್ತೆ. ಇಂಥ ಚೂರು ಸಿಕ್ಕರೆ ಕೂಗದ ಹಾಗೆ ಮಷೀನನ್ನ ಹೊಂದಿಸಬಹುದು," ಎಂದ. ಚೂರುಗಳನ್ನು ಅವಳ ಅಂಗೈಗೆ ಹಾಕಿ, ಮಷೀನಿನ ಗುಂಡಿ ತಿರುಗಿಸಿದ.

ಆಮೇಲೆ ಹಿತ್ತಲು ಹೆಚ್ಚುಕಡಿಮೆ ಮೌನವಾಯಿತು. ಸಾಯಂಕಾಲದವರೆಗೆ ಸಿಕ್ಕಿದ್ದು ಬರೀ ಮೊಳೆಗಳು.

*

ಗುರುವಾರ ಅರ್ಧ ಹಿತ್ತಲು ಮುಗಿದರೂ ಓಲೆಯ ಸುಳಿವಿಲ್ಲ. ಅಜ್ಜಿಗೆ ಊಟ ಮಾಡಿಸುವಾಗ ಅವಳ ಕಣ್ಣೆಲ್ಲ ಕಿಟಕಿಯ ಮೇಲೇ ಇತ್ತು.

ಆಗ ಕಂಡಿತು!

ಅವನು ಮಣ್ಣಿನಿಂದ ಏನನ್ನೋ ಎತ್ತಿದ. ಹೆಬ್ಬೆರಳಿನಿಂದ ಉಜ್ಜಿದ. ಬಿಸಿಲಿಗೆ ಅದು ಹಳದಿಯಾಗಿ ಮಿಂಚಿತು. ಅವನು ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ, ಅದನ್ನು ಸೊಂಟದ ಚೀಲಕ್ಕೆ ಹಾಕಿಕೊಂಡುಬಿಟ್ಟ!

'ಓಲೆ... ಅವನಿಗೆ ಸಿಕ್ಕಿದೆ. ಮುಚ್ಚಿಡ್ತಿದ್ದಾನೆ! ಅವನು ಹೋದ ಮೇಲೆ ಜೈಲಿಗೆ ಹೋಗೋಳು ನಾನು!'

ಪಾಪ, ಅವಳಾದರೂ ಏನು ಮಾಡಿಯಾಳು? ಹೆದರಿದವರಿಗೆ ಯೋಚಿಸಲು ವ್ಯವಧಾನವೆಲ್ಲಿ? ತಟ್ಟೆ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು.

"ಮೇಡಂ! ಬೇಗ ಬನ್ನಿ! ಇವರು ಓಲೆ ತೆಗೆದು ಚೀಲಕ್ಕೆ ಹಾಕ್ಕೊಂಡ್ರು! ನಾನೇ ಕಣ್ಣಾರೆ ನೋಡಿದೆ!"

ಅವನು ಅಲುಗಾಡದೆ ನಿಂತ. ಮೇಡಂ ದಡದಡನೆ ಬಂದರು. "ಚೀಲ ಬಿಚ್ಚಪ್ಪ."

ಅವನು ಚೀಲವನ್ನು ಕಟ್ಟೆಯ ಮೇಲೆ ಸುರಿದ. ಮೊಳೆ, ಬಾಟಲಿಯ ಮುಚ್ಚಳ, ತಂತಿಯ ತುಂಡು... ಅವುಗಳ ನಡುವೆ ಹಳೇ ನಲ್ಲಿಯ ಹಿತ್ತಾಳೆ ತಿರುಪು.

"ಕಸ ಮತ್ತೆ ಮಣ್ಣಿಗೆ ಹಾಕಿದ್ರೆ ಅದೇ ಇನ್ನೊಂದು ಸಲ ಕೂಗುತ್ತೆ," ಎಂದ, ಮೇಡಂ ಕಡೆ ನೋಡುತ್ತ. "ಅದಕ್ಕೆ ಸಿಕ್ಕಿದ್ದೆಲ್ಲ ಚೀಲಕ್ಕೆ ಹಾಕ್ತೀವಿ. ನಮ್ಮ ಕೆಲಸದ ರೂಢಿ ಮೇಡಂ."

ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ತನ್ನ ಮೇಲೆ ಬಿದ್ದ ಮಾತನ್ನೇ ಅವಳು ಇನ್ನೊಬ್ಬರ ಮೇಲೆ ಎಸೆದಿದ್ದಳು! ಮಾತ್ರೆಯ ವಿಷಯ ಅವನು ಬಾಯಿಬಿಟ್ಟಿದ್ದರೆ ಆ ಕ್ಷಣವೇ ಅವಳ ಕಥೆ ಮುಗಿಯುತ್ತಿತ್ತು. ಅವನು ಬಾಯಿಬಿಡಲಿಲ್ಲ. ಮಷೀನು ಹೆಗಲಿಗೇರಿಸಿಕೊಂಡು, ಅವಳತ್ತ ತಿರುಗಿಯೂ ನೋಡದೆ ಗೇಟು ದಾಟಿದ.

"ಇನ್ನು ನಾಳೆ ಅಣ್ಣನೇ ಬರ್ಲಿ," ಎಂದರು ಮೇಡಂ.

*

ಶುಕ್ರವಾರ ಬೆಳಗ್ಗೆ ಎಂಟು ಗಂಟೆ. ಗೇಟಿನ ಸದ್ದಾಯಿತು. ಪೊಲೀಸರೇ ಬಂದರೇನೋ ಎಂದು ಹೆದರುತ್ತಲೇ ಬಾಗಿಲು ತೆರೆದಳು.

ಬಂದವನು ಅವನು!

"ನಿನ್ನೆ..." ಎಂದು ಅವಳು ಶುರುಮಾಡಿದಳು.

"ಅದು ಆಮೇಲೆ. ಮೊದಲು ಇದನ್ನ ಕೇಳಿ. ತಪ್ಪು ನನ್ನದೇ. ತೆಳು ಚಿನ್ನವೂ ಆ ಮಾತ್ರೆ ಚೂರೂ ಮಷೀನಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತೆ. ನಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿ ಗುಂಡಿ ತಿರುಗಿಸಿದೆ. ಓಲೆ ಮೇಲೆಯೇ ನಾವು ಹಾದುಹೋಗಿರ್ತೀವಿ."

"ಹಾಗಾದ್ರೆ... ಈಗ?"

"ಈಗ ಚೂರುಗಳನ್ನ ಒಂದೂ ಬಿಡದೆ ಅಗೀಬೇಕು. ಎಲ್ಲಾ ಮೇಡಂ ಕಣ್ಣೆದುರೇ ಹೊರಗೆ ಬರ್ತವೆ." ಅವನು ದನಿ ತಗ್ಗಿಸಿದ. "ಬೇಡ ಅಂದ್ರೆ ಹೇಳಿ, ಹೋಗ್ತೀನಿ. ಯಾರಿಗೂ ಏನೂ ಹೇಳಲ್ಲ."

ಸುಮ್ಮನಿದ್ದರೆ ಕಳ್ಳಿ, ಬಾಯಿಬಿಟ್ಟರೆ ಕೆಲಸಗೇಡಿ. ಎರಡರಲ್ಲಿ ಯಾವುದಾದರೂ ಒಂದು ಹೆಸರು ಅಂಟುವುದು ಖಂಡಿತ! ಒಳಗೆ ಅಜ್ಜಿ ಕೆಮ್ಮಿದರು. ನುಂಗದೆ ಬಿಟ್ಟ ಮಾತ್ರೆಗಳಿಂದ ಅವರಿಗೇನಾದರೂ ಆದರೆ? ಎರಡು ದಿನ ತನ್ನ ಚಿಂತೆಯಲ್ಲೇ ಮುಳುಗಿ ಅದನ್ನೇ ಮರೆತಿದ್ದಳಲ್ಲ! ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಮೇಡಂ," ಎಂದು ಅವಳೇ ಕೂಗಿದಳು. ಏಪ್ರನ್ನಿನಿಂದ ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಅಜ್ಜಿ ರಾತ್ರಿ ಮಾತ್ರೆ ನುಂಗ್ತಿರ್ಲಿಲ್ಲ. ಹಿತ್ತಲಲ್ಲಿ ಹೂತಿದ್ದಾರೆ. ಮುಂದೆ ನಿಂತು ನುಂಗಿಸದೆ ಇದ್ದಿದ್ದು ನನ್ನ ತಪ್ಪು. ಬುಧವಾರವೇ ಗೊತ್ತಾಯ್ತು... ಹೆದರಿ ಮುಚ್ಚಿಟ್ಟೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ."

ಮೇಡಂ ಮುಖ ಕೆಂಪೇರಿತು. ಬೈಯಲು ಬಾಯಿ ತೆರೆದವರು, ಫೋನ್ ಎತ್ತಿಕೊಂಡರು. ಗಾಬರಿ ಬೇಡ, ಸಂಜೆ ಬಂದು ನೋಡ್ತೀನಿ ಎಂದರು ಡಾಕ್ಟರು. ಮೇಡಂ ಉಸಿರುಬಿಟ್ಟು, "ಅಗೆಯಪ್ಪ," ಎಂದರು.

ಮಷೀನು ಒಂದೇ ಸಮನೆ ಕೂಗತೊಡಗಿತು. ಚೂರು... ಚೂರು... ಮತ್ತೆ ಚೂರು! ಕಟ್ಟೆಯ ಮೇಲೆ ಎಣಿಸುತ್ತ ಹೋದ ಮೇಡಂ ಮೂವತ್ತಕ್ಕೆ ಎಣಿಸುವುದನ್ನೇ ಬಿಟ್ಟರು. ಪ್ರತಿ ಕೂಗಿಗೂ ಅವಳ ಪ್ರಾಣ ಹೋಗಿ ಬರುತ್ತಿತ್ತು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವನು ಮಣ್ಣಿಗೆ ಕೈಹಾಕಿ ತಟಕ್ಕನೆ ನಿಂತ. ಗಂಟು ಹಾಕಿದ ಕರ್ಚೀಫೊಂದು ಸಿಕ್ಕಿತ್ತು. ಅವನು ಬಿಚ್ಚಲಿಲ್ಲ. ಅದನ್ನು ಹಾಗೇ ಅವಳ ಕೈಗಿಟ್ಟ.

"ನೀವೇ ಬಿಚ್ಚಿ."

ಗಂಟು ಬಿಗಿಯಾಗಿತ್ತು. ಕೊನೆಗೂ ಬಿಚ್ಚಿತು. ಅಜ್ಜಿಯ ಎರಡು ಓಲೆಗಳು! ಅವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತು, ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತಳು.

ಓಲೆ ಕಂಡದ್ದೇ ಅಜ್ಜಿಗೆ ಎಲ್ಲ ನೆನಪಾಯಿತು. "ಕೊಡು ಇಲ್ಲಿ! ಲಾಕರಲ್ಲಿ ಇಡ್ತೀನಿ ಅಂತ ಈ ನನ್ನ ಮಗಳೇ ಅಂದಿದ್ಲು. ಆ ಮಾತ್ರೆ ನುಂಗಿದ್ರೆ ಮೈಮೇಲೆ ಎಚ್ಚರ ಇರಲ್ಲ. ನಿದ್ದೆಯಲ್ಲಿ ನನ್ನ ಕಿವಿಯಿಂದ ಬಿಚ್ಚಿಕೊಂಡ್ರೆ? ಅವರು ಕೊಡಿಸಿದ್ದು ಕಣೇ ಇದು!"

ಮೇಡಂ ತಾಯಿಯ ಪಕ್ಕದಲ್ಲಿ ಕುಳಿತು, ತಾವೇ ಓಲೆ ತೊಡಿಸಿದರು. ಆಮೇಲೆ ಅವಳ ಕಡೆ ತಿರುಗಿದರು.

"ಮಾತ್ರೆ ವಿಷಯದಲ್ಲಿ ನಿನ್ನ ಮೇಲೆ ನಂಗೆ ಇನ್ನೂ ಕೋಪ ಇದೆ. ಇವತ್ತಿಂದ ಅಮ್ಮನ ಬಾಯಿ ತೆರೆಸಿ ನೋಡಿಯೇ ಮಲಗಿಸಬೇಕು. ಆದ್ರೆ ನಿನ್ನನ್ನ ಕಳ್ಳಿ ಅಂತ ಅನುಮಾನಿಸಿದೆನಲ್ಲ... ಅದು ನನ್ನ ತಪ್ಪಮ್ಮ. ಕೆಲಸ ಬಿಟ್ಟು ಹೋಗಬೇಡ."

*

ಅವನು ಹಗ್ಗ ಸುತ್ತುತ್ತಿದ್ದ. ಅವಳು ಹತ್ತಿರ ಬಂದು ತಲೆತಗ್ಗಿಸಿ ನಿಂತಳು.

"ನಿಮ್ಮನ್ನ ಕಳ್ಳ ಅಂದೆ. ಆದ್ರೂ ಯಾಕೆ ವಾಪಸ್ ಬಂದ್ರಿ?"

"ಬೇರೆ ಯಾರಾದ್ರೂ ಅಂದಿದ್ರೆ ಕೋಪ ಬಂದು ಅಲ್ಲಿಗೇ ಮುಗೀತಿತ್ತು. ನೀವು ಅಂದಾಗ ನೋವಾಯ್ತು. ನೋವು ಯಾಕಾಯ್ತು ಅಂತ ಯೋಚಿಸ್ತಾ ಕೂತೆ..." ಅವನು ಹಗ್ಗವನ್ನೇ ನೋಡುತ್ತಿದ್ದ. "ಉತ್ತರ ಸಿಕ್ತು. ಬಂದೆ."

ಅವಳು ತಲೆಯೆತ್ತಿದಳು. "ಆದ್ರೂ ಆ ತಿರುಪು ಎತ್ತಿಕೊಂಡು ಸುತ್ತಮುತ್ತ ಯಾಕೆ ನೋಡಿದ್ರಿ? ಕಳ್ಳರ ಹಾಗೇ ಇತ್ತು!"

"ನೀವು ಎಲ್ಲಿದ್ದೀರಾ ಅಂತ ನೋಡಿದೆ."

ಅವನ ಕೈಯಲ್ಲಿ ಹಗ್ಗ ಸಿಕ್ಕುಸಿಕ್ಕಾಯಿತು.

"ನಂಗೀಗ ಹೆದರಿಕೆ ಆಗ್ತಿದೆ," ಎಂದ ಅವನು.

"ನಿಮಗಾ? ಯಾಕೆ?"

"ಮೂರೇ ದಿನ ಆಯ್ತು ನಿಮ್ಮನ್ನ ನೋಡಿ. ಮದುವೆ ಆಗ್ತೀರಾ ಅಂತ ಕೇಳಿದ್ರೆ... ಹುಚ್ಚ ಅಂದ್ಕೋತೀರೇನೋ."

ಅವಳು ಕೆಳಗೆ ಕೂತು, ಅವನ ಕೈಯಿಂದ ಹಗ್ಗ ತೆಗೆದುಕೊಂಡು, ಸಿಕ್ಕು ಬಿಡಿಸತೊಡಗಿದಳು.

"ನಾನು ತುಂಬಾ ಪುಕ್ಕಲು ರೀ. ಚಿಕ್ಕದಕ್ಕೂ ಹೆದರ್ತೀನಿ."

"ಗೊತ್ತು."

"ಹೆದರಿದಾಗ ಬಾಯಿಗೆ ಬಂದಿದ್ದು ಅಂದುಬಿಡ್ತೀನಿ."

"ಅದೂ ಗೊತ್ತಾಯ್ತು."

"ಇಷ್ಟೆಲ್ಲ ಗೊತ್ತಿದ್ದೂ ಕೇಳ್ತಿದ್ದೀರಾ?"

"ಕೇಳ್ತಿದ್ದೀನಿ. ಹೇಳಿ, ಆಗ್ತೀರಾ?"

"ಹೂಂ..." ಎಂದಳು. ಅವನಿಗೆ ಕೇಳಿಸಲಿಲ್ಲವೇನೋ ಎಂಬ ಭಯಕ್ಕೆ ಇನ್ನೊಮ್ಮೆ, ಗಟ್ಟಿಯಾಗಿಯೇ ಹೇಳಿದಳು. "ಹೂಂ ರೀ, ಆಗ್ತೀನಿ!"